ಮಂಜೇಶ್ವರದಲ್ಲಿ ದೋಣಿ ಹಿಡಿದು ನಿಂತದ್ದು

ಮಂಗಳೂರಿನಿಂದ ರೈಲು ಹತ್ತಿದರೆ ನೇತ್ರಾವತಿ ಸೇತುವೆ, ಉಳ್ಳಾಲ ದಾಟಿ ಮಂಜೇಶ್ವರ ಬಂದೇ ಬಿಡುತ್ತದೆ. ಗೋವಿಂದ ಪೈಗಳ ಮನೆ ನೋಡಿದ್ದು, ಮೀನೂಟ ಎಲ್ಲ ಚೆನ್ನಾಗಿತ್ತು, ಅದಿರಲಿ. ನಾನು ಹೋದದ್ದು ಕಣ್ವತೀರ್ಥದ ಕಡಲಲ್ಲಿ ಈಜೋಕೆ.

ಟ್ರಯಥ್ಲಾನ್‌ಗೆ ಹೆಸರು ಕೊಟ್ಟಾಗಿತ್ತು. 1500 ಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ಈಜುಕೊಳದಲ್ಲಾದರೆ ಎಷ್ಟು ಬೇಕಾದರೂ ಈಜುತ್ತೇನೆ. ಕಡಲಲ್ಲಿ ಮುಖ ಮುಳುಗಿಸಿದರೆ ಕೆಳಗೆ ಕೊಳದಲ್ಲಿರುವಂಥ ದಾರಿ ತೋರಿಸುವ ಕಪ್ಪು ಗೆರೆ ಇಲ್ಲ, ಹಿಡಿಯೋಕೆ ಗೋಡೆ ಇಲ್ಲ, ಬರೀ ಕಲಕಿದ ನೀರು. ಎದೆ ಡವಡವ ಅನ್ನುತ್ತದೆ, ಕೈಕಾಲು ಮಾತು ಕೇಳುವುದಿಲ್ಲ. ಅವತ್ತೂ ಏದುಸಿರು ಬಿಡುತ್ತಾ ದಡಕ್ಕೆ ಬಂದೆ. ಬಲೆ ಸರಿ ಮಾಡುತ್ತಾ ಕೂತಿದ್ದ ಹಿರಿಯರೊಬ್ಬರು ಎಲ್ಲ ನೋಡಿದ್ದರು.

"ನೀವು ಉಸಿರು ಬಿಡುವುದೇ ಇಲ್ಲ ಮಾರಾಯ್ರೆ. ಬರೀ ತೆಗೊಳ್ಳುವುದು."

ನಿಜ ಅಲ್ವಾ? ಒಳಗಿನ ಗಾಳಿ ಖಾಲಿಯಾಗದೆ ಹೊಸದು ಹೋಗೋದೆಲ್ಲಿಗೆ!

"ಸ್ಪರ್ಧೆಯಲ್ಲಿ ದೋಣಿ ಉಂಟಾ?"

"ಕಾಯಕ್ ಅನ್ನೋ ಪುಟ್ಟ ದೋಣಿ ಇರುತ್ತೆ ಅಣ್ಣಾ."

"ಹಿಡಿದರೆ ಔಟಾ?"

"ಇಲ್ಲ, ಹಿಡಿದು ಸುಧಾರಿಸಿಕೊಳ್ಳಬಹುದು. ಅದನ್ನು ಹಿಡಿದುಕೊಂಡು ಮುಂದೆ ಹೋಗೋ ಹಾಗಿಲ್ಲ."

"ಮತ್ತೆ ಹೆದರುವುದು ಎಂತಕ್ಕೆ? ಮೊದಲು ನಿಲ್ಲುವುದು ಕಲೀರಿ."

ಜಾಸ್ತಿ ಈಜು, ಜೋರಾಗಿ ಈಜು ಅಂತ ಹೇಳುವವರೇ ಎಲ್ಲ. ನಿಲ್ಲುವುದನ್ನೂ ಅಭ್ಯಾಸ ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ. ಇನ್ನೊಂದು ಮಾತನ್ನೂ ಅವರು ಗಟ್ಟಿಯಾಗಿ ಹೇಳಿದರು. ಅಲೆ ಒಡೆಯದೆ ಸುಮ್ನೆ ಇರುವ ಜಾಗ ಕಂಡರೆ ಅಲ್ಲಿ ಇಳಿಯಬಾರದು, ನೀರು ಕಡಲಿನೊಳಕ್ಕೆ ಎಳೆಯುವುದೇ ಅಲ್ಲಿ. ಎಳೆದರೂ ದಡದ ಕಡೆಗೆ ಗುದ್ದಾಡಬಾರದು, ದಡದ ಉದ್ದಕ್ಕೆ ಈಜಿ ತಪ್ಪಿಸಿಕೊಳ್ಳಬೇಕು.

ಮರುದಿನ ಬೆಳಿಗ್ಗೆ ಅವರ ಅಳಿಯ ದೋಣಿ ತಂದ. ಸೊಂಟದ ನೀರಲ್ಲಿ ನಿಂತು ಮುಖ ಮುಳುಗಿಸಿ ಗುಳುಗುಳು ಗುಳ್ಳೆ ಬಿಟ್ಟೆ, ಉಸಿರು ಹದಕ್ಕೆ ಬಂದ ಮೇಲೇ ಹೊರಟೆ. ಗಾಬರಿ ಬಂತು, ಬರದೆ ಇರುತ್ತದಾ? ಅಂಗಾತ ಮಲಗಿ ಉದ್ದಕ್ಕೆ ಉಸಿರು ಬಿಟ್ಟೆ, ದೋಣಿಯ ಅಂಚು ಹಿಡಿದೆ, ತಲೆ ಮೇಲಿಟ್ಟು ನಾಲ್ಕು ಕೈ ಹಾಕಿ ಆಮೇಲೆ ಮುಖ ಮುಳುಗಿಸಿದೆ. ಮತ್ತೆ ಬಂತು, ಮತ್ತೆ ಹಾಗೇ ಮಾಡಿದೆ. ಆಮೇಲೆ ದೋಣಿ ಪಕ್ಕದಲ್ಲಿದ್ದರೂ ಅದರ ನೆನಪೇ ಆಗಲಿಲ್ಲ.

ಆದರೆ ಎಷ್ಟು ಹೊತ್ತು ನಿಂತರೂ ಉಸಿರು ಸರಿಹೋಗದೆ, ಕೆಮ್ಮಿದರೆ ಕೆಂಪು ನೊರೆ ಬಂದರೆ ಅದು ಬರೀ ಗಾಬರಿಯಲ್ಲ, ಶ್ವಾಸಕೋಶದಲ್ಲಿ ನೀರು ತುಂಬಿರಬಹುದು. ಆಗ ಕೈ ಎತ್ತಿ ಕರೆಯಿರಿ, ಸೀದಾ ಆಸ್ಪತ್ರೆಗೆ ಹೋಗಿ.

ಗಾಗಲ್ಸ್ ವಿಷಯಕ್ಕೆ ನನಗಿನ್ನೂ ಸಿಟ್ಟಿದೆ. "ಕಡಲಿಗೆ ಬಿಳಿ ಗಾಜೇ ಒಳ್ಳೇದು" ಅಂತ ಅಂಗಡಿಯವ ಕೊಟ್ಟಿದ್ದ. ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ದಡಕ್ಕೆ ತಿರುಗಿದರೆ ಬಿಸಿಲು ಸೀದಾ ಕಣ್ಣಿಗೆ. ದಡವೂ ಕಾಣದು, ತೆಂಗಿನ ಮರವೂ ಕಾಣದು. ಅಳಿಯನ ಕೂಗು ಕೇಳಿಕೊಂಡೇ ವಾಪಸ್ ಬಂದೆ. ಕಪ್ಪು ಗಾಜಿನದೇ ತಗೊಳ್ಳಿ.