ಗೇಟು ಹೋದ ವಾರ ಬಂದ ಪ್ರಶ್ನಾವಳಿ

2024ರ ಆಗಸ್ಟ್ 12, ಸೋಮವಾರ. ಶನಿವಾರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಕೊಂಡು ಹೋಗಿತ್ತು. ಕೊಪ್ಪಳ ಜಿಲ್ಲೆಯ ನಮ್ಮ ಸರ್ಕಾರಿ ಪದವಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಬೇರೆ ಮಾತೇ ಇರಲಿಲ್ಲ. ಉಳಿದ 32 ಗೇಟುಗಳ ಗತಿಯೇನು, 105 ಟಿಎಂಸಿಯಲ್ಲಿ ಎಷ್ಟು ಹೊಳೆಯ ಪಾಲಾಗುತ್ತದೆ, ನಾಟಿ ಮಾಡಿದ ಭತ್ತಕ್ಕೆ ಕೊನೆಯವರೆಗೆ ನೀರು ಸಿಗುತ್ತದೆಯೇ? ಗಂಟೆ ಬಾರಿಸುವ ಜವಾನನ ಬಾಯಲ್ಲೂ ಕ್ಯೂಸೆಕ್ ಲೆಕ್ಕ. ಅಂಥ ಹೊತ್ತಿನಲ್ಲಿ ಸಂಶೋಧನಾ ವಿದ್ಯಾರ್ಥಿಯೊಬ್ಬ ಕಾಗದದ ಕಟ್ಟು ಹಿಡಿದು ಬಾಗಿಲಲ್ಲಿ ನಿಂತ.

"ಸರ್, ಹತ್ತೇ ನಿಮಿಷ. ಸರ್ಕಾರದ ಶಿಕ್ಷಣ ನೀತಿಯ ಬಗ್ಗೆ ಅಧ್ಯಾಪಕರ ಅರಿವು, ಅಭಿಪ್ರಾಯ."

ಮೊದಲ ಪ್ರಶ್ನೆಯೇ ಕುತ್ತಿಗೆಗೆ ಬಂತು: ನೀತಿಯ ಬಗ್ಗೆ ನಿಮಗೆಷ್ಟು ಗೊತ್ತು? ಚೆನ್ನಾಗಿ, ಸ್ವಲ್ಪ, ಇಲ್ಲ. ನಾನು ರಾಜ್ಯಶಾಸ್ತ್ರದವನು, ಸಾರ್ವಜನಿಕ ನೀತಿ ಎಂದರೇನು ಎಂದು ವರ್ಷಾ ವರ್ಷ ನೋಟ್ಸ್ ಬರೆಸುವವನು. ಪೆನ್ನು 'ಚೆನ್ನಾಗಿ' ಎಂಬಲ್ಲಿಗೆ ಹೋಗಿ ಅಲ್ಲೇ ನಿಂತಿತು. 2020ರ ಜುಲೈನಲ್ಲಿ ಬಂದ ರಾಷ್ಟ್ರೀಯ ಶಿಕ್ಷಣ ನೀತಿಯನ್ನು (ಎನ್‌ಇಪಿ) ಮೊಬೈಲ್‌ನಲ್ಲಿ ಇಳಿಸಿಕೊಂಡು ಇಪ್ಪತ್ತು ಪುಟ ಓದಿದ್ದೆ. ಉಳಿದದ್ದು ಇನ್ನೂ ಬಾಕಿ.

ನೀತಿ ನನಗೆ ಗೊತ್ತಾದದ್ದು ಓದಿನಿಂದಲ್ಲ. 2021-22ರಲ್ಲಿ ಕರ್ನಾಟಕ ದೇಶದಲ್ಲೇ ಮೊದಲಿಗೆ ಅದನ್ನು ಪದವಿಗೆ ತಂದಾಗ, ಮೊದಲ ವರ್ಷದವರಿಗೆ 'ಡಿಜಿಟಲ್ ಫ್ಲೂಯೆನ್ಸಿ' ಎಂಬ ಪತ್ರಿಕೆ ಬಂತು. ಕಾರ್ಯಭಾರ ಕಡಿಮೆ ಇದ್ದವನು ನಾನು, ಪಾಠ ನನ್ನ ತಲೆಗೆ ಬಂತು. ಒಂಬತ್ತು ಕಂಪ್ಯೂಟರ್, ಅದರಲ್ಲಿ ಆರು ಮಾತ್ರ ಹೊತ್ತಿಕೊಳ್ಳುತ್ತಿದ್ದವು. ಎಂಬತ್ತು ಮಕ್ಕಳಿಗೆ ಕೃತಕ ಬುದ್ಧಿಮತ್ತೆಯನ್ನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಮಕ್ಕಳು ಶ್ರದ್ಧೆಯಿಂದ ಬರೆದುಕೊಂಡರು ಎನ್ನುವುದೇ ನನಗೆ ಇವತ್ತಿಗೂ ನಾಚಿಕೆ.

ಮತ್ತೆ ಈ ಮೇ 7ರಂದು ಲೋಕಸಭೆ ಚುನಾವಣೆಯ ಮತದಾನ. ಮತಗಟ್ಟೆಯ ಕೆಲಸ ಮುಗಿಸಿ ಬಂದು ನಿದ್ದೆಗಣ್ಣಲ್ಲಿದ್ದ ಅದೇ ವಾರ, ಎನ್‌ಇಪಿ ನಾಲ್ಕು ವರ್ಷಕ್ಕೆ ಎಳೆದಿದ್ದ ಪದವಿ ಮೂರು ವರ್ಷಕ್ಕೆ ಮರಳಿತು. ಆದೇಶವನ್ನು ನಾನು ಮೊದಲು ನೋಡಿದ್ದು ವಿದ್ಯಾರ್ಥಿಯೊಬ್ಬನ ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ. ರಾಜ್ಯಕ್ಕೇ ಬೇರೆ ಶಿಕ್ಷಣ ನೀತಿ ರೂಪಿಸಲು ಸುಖದೇವ್ ಥೋರಟ್ ಆಯೋಗ 2023ರಲ್ಲಿ ರಚನೆಯಾದದ್ದನ್ನು ಪತ್ರಿಕೆಯಲ್ಲಿ ಓದಿದ್ದೆ. ಆದರೆ ನಮ್ಮ ಕಾಲೇಜಿಗೆ ಬಂದು ಯಾರೂ ಏನನ್ನೂ ಕೇಳಿರಲಿಲ್ಲ.

ಅಭಿಪ್ರಾಯದ ಜಾಗದಲ್ಲಿ ಮಾತ್ರ ನಾನು ಅಳುಕಲಿಲ್ಲ. ಮೂರು ವರ್ಷವೇ ಸರಿ ಎಂದು ಬರೆದೆ. ನಡುವೆ ಬಿಟ್ಟರೂ ಪ್ರಮಾಣಪತ್ರ, ಬೇಕಾದಾಗ ಮತ್ತೆ ಸೇರಿ ಎಂದು ಎನ್‌ಇಪಿ ಹೇಳುವುದು ಕೇಳಲು ಚೆಂದ. ಕಾಲುವೆ ಹಳ್ಳಿಯ ಹುಡುಗಿ ಒಂದು ವರ್ಷಕ್ಕೆ ಬಿಟ್ಟರೆ ಮುಂದಿನ ಸಲ ನಾವು ಅವಳನ್ನು ನೋಡುವುದು ಮದುವೆಯ ಊಟಕ್ಕೆ ಹೋದಾಗ.

ಎದುರಿನ ಮೇಜಿನಲ್ಲಿ ಅತಿಥಿ ಉಪನ್ಯಾಸಕಿ ವೇಳಾಪಟ್ಟಿ ಹರಡಿಕೊಂಡಿದ್ದರು. ಅದನ್ನು ನಮ್ಮಲ್ಲಿ ಪೆನ್ಸಿಲ್ಲಿನಲ್ಲೇ ಬರೆಯುವುದು. ಮೊದಲ ವರ್ಷಕ್ಕೆ ಹೊಸ ಪಠ್ಯಕ್ರಮ, ಎರಡು ಮತ್ತು ಮೂರನೇ ವರ್ಷಕ್ಕೆ ಎನ್‌ಇಪಿ, ಇವೆರಡರ ನಡುವೆ ಇನ್ನೂ ಹಳೆಯ ಪತ್ರಿಕೆ ಉಳಿಸಿಕೊಂಡವರು. ಬುಧವಾರದ ಮೂರನೇ ಪೀರಿಯಡ್ಡಿನ ಮನೆಯನ್ನು ಅಳಿಸಿ ಅಳಿಸಿ ಕಾಗದ ತೆಳ್ಳಗಾಗಿ, ಕೆಳಗಿನ ಮೇಜಿನ ಗೀರು ಕಾಣುತ್ತಿತ್ತು. ಅವರು ತುಟಿಯಲ್ಲೇ ಎಣಿಸುತ್ತಿದ್ದರು.

"ಹನ್ನೊಂದೇ ಆಗುತ್ತದೆ ಸರ್. ಮುಕ್ತ ಆಯ್ಕೆಯ ಆ ಪತ್ರಿಕೆ ಹೋಯಿತಲ್ಲ. ಹದಿನೈದು ಗಂಟೆ ತುಂಬದಿದ್ದರೆ ಸಂಬಳ ಕಡಿಮೆ."

ನನ್ನ ಪಾಲಿನ ನಾಲ್ಕು ಗಂಟೆ ಬಿಟ್ಟುಕೊಡುತ್ತೇನೆ ಎನ್ನಲು ಬಾಯಿ ತೆರೆದೆ. ಕಾಯಂ ನೌಕರನಿಗೂ ವಾರಕ್ಕೆ ಇಷ್ಟು ಗಂಟೆ ಎಂಬ ಲೆಕ್ಕವಿದೆ; ಮುಚ್ಚಿಕೊಂಡೆ.

ಹುಡುಗ ಅವರ ಮುಂದೆಯೂ ಒಂದು ಪ್ರತಿ ಇಟ್ಟ. ಮೇಡಂ ಅರಿವಿನ ಪ್ರಶ್ನೆಗೆ ಹೋಗಲೇ ಇಲ್ಲ, ಮೇಲಿನ ಸಾಲಿನಲ್ಲೇ ಬೆರಳಿಟ್ಟರು. ಹುದ್ದೆ: ಪ್ರಾಧ್ಯಾಪಕರು, ಸಹ ಪ್ರಾಧ್ಯಾಪಕರು, ಸಹಾಯಕ ಪ್ರಾಧ್ಯಾಪಕರು.

"ನಾನು ಯಾವುದಕ್ಕೆ ಗುರುತು ಹಾಕಲಿ ತಮ್ಮಾ?"

ಅವನು ಕಾಗದ ತಿರುಗಿಸಿ ನೋಡಿ ಮುಖ ಕೆಂಪು ಮಾಡಿಕೊಂಡ. ಮೇಡಂ ವೇಳಾಪಟ್ಟಿಯ ಪೆನ್ಸಿಲ್ಲನ್ನೇ ತೆಗೆದುಕೊಂಡು ಪಕ್ಕದಲ್ಲಿ ನಾಲ್ಕನೆಯ ಚೌಕವೊಂದನ್ನು ಗೀಚಿ, ಗುರುತು ಹಾಕಿ, ಎರಡನೇ ಪುಟಕ್ಕೆ ಹೋದರು.