ಮಂಡಾಲೆಯ ಪೆನ್ಸಿಲು

ಎಂಟನೇ ಇಯತ್ತೆಯಲ್ಲಿದ್ದಾಗ ಒಂದು ದಿನ ಪೆನ್ನಿನ ಶಾಯಿ ಮುಗಿದು, ಇತಿಹಾಸದ ಟಿಪ್ಪಣಿಯನ್ನು ಪೆನ್ಸಿಲ್ಲಿನಿಂದ ಬರೆದುಕೊಳ್ಳುತ್ತಿದ್ದೆ. ಸರ್ ಹತ್ತಿರ ಬಂದಾಗ ಹೆದರಿ ಅಂಗೈಯಿಂದ ವಹಿ ಮುಚ್ಚಿದೆ.

"ಮುಚ್ಚಬ್ಯಾಡೋ ತಮ್ಮಾ. ಟಿಳಕರು ಗೀತಾರಹಸ್ಯ ಬರದದ್ದೂ ಪೆನ್ಸಿಲ್ಲಿನಿಂದನ."

ಅವತ್ತಿನ ಪಾಠ ಅಲ್ಲಿಗೇ ನಿಂತಿತು. 1908ರ ಜುಲೈ 22ರ ರಾತ್ರಿ ಮುಂಬಯಿ ಹೈಕೋರ್ಟಿನಲ್ಲಿ, ಟಿಳಕರ ಮೇಲಿನ ರಾಜದ್ರೋಹದ ಮೊಕದ್ದಮೆಯಲ್ಲಿ, ಒಂಬತ್ತು ಜ್ಯೂರಿಗಳ ಪೈಕಿ ಏಳು ಮಂದಿ 'ಅಪರಾಧಿ' ಎಂದರು. ಆರು ವರ್ಷ ಶಿಕ್ಷೆ. ಮರುದಿನವೇ ಲೋಕಮಾನ್ಯರಿಗೆ ಐವತ್ತೆರಡು ತುಂಬುವುದಿತ್ತು. ಕೋರ್ಟಿನಲ್ಲಿ ಅವರಾಡಿದ ಮಾತು ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ಸರ್ ಅದನ್ನು ಬೇಗ ಮುಗಿಸಿದರು. ಅವರ ಮನಸ್ಸೆಲ್ಲ ಬರ್ಮಾದ ಆ ಜೈಲಿನ ಕೋಣೆಯಲ್ಲಿತ್ತು. ಮಧುಮೇಹದ ಮೈ, ಮಂಡಾಲೆಯ ಉರಿಬಿಸಿಲು. ಬಿಡಿ ಕಾಗದ ಇಲ್ಲ, ಶಾಯಿ ಇಲ್ಲ. ಕೊಟ್ಟದ್ದು ಹೊಲಿದ ವಹಿ, ಪುಟಪುಟಕ್ಕೂ ಮೊದಲೇ ಹಾಕಿದ ಅಂಕಿ.

ಹೇಳುತ್ತಲೇ ನನ್ನ ವಹಿ ತೆಗೆದುಕೊಂಡು, ಕೆಂಪು ಪೆನ್ಸಿಲ್ಲಿನಿಂದ ಮೂಲೆಮೂಲೆಗೆ 1, 2, 3 ಎಂದು ಬರೆಯುತ್ತ ಹೋದರು. "ಈಗ ಒಂದು ಹಾಳಿ ಹರದು ನೋಡು, ಗೊತ್ತಾಗತದ." ಹಾಗೆ ಎಣಿಸಿಟ್ಟ ಪುಟಗಳಲ್ಲೇ 1910-11ರ ಚಳಿಗಾಲದಲ್ಲಿ, ಕೆಲವೇ ತಿಂಗಳಲ್ಲಿ, ಅಷ್ಟು ದೊಡ್ಡ ಗ್ರಂಥದ ಕರಡು ಮುಗಿಯಿತಂತೆ.

ಬಿಡುಗಡೆಯ ಮಾತು ಬಂದಾಗ ಸರ್ ದನಿ ತಗ್ಗಿತು. 1914ರ ಜೂನ್. ಹಡಗಿನಲ್ಲಿ ಮದ್ರಾಸಿಗೆ, ಅಲ್ಲಿಂದ ರೈಲು. ನಡುರಾತ್ರಿ ಪುಣೆಯ ಗಾಯಕವಾಡ ವಾಡೆಯ ಬಾಗಿಲಿಗೆ ತಂದು ಬಿಟ್ಟರು. ಹೂವಿಲ್ಲ, ಜಯಕಾರವಿಲ್ಲ. ಸತ್ಯಭಾಮಾಬಾಯಿ 1912ರಲ್ಲೇ ತೀರಿಹೋಗಿದ್ದರು.

"ಆರು ವರ್ಷದ ಮ್ಯಾಲೆ ಮನೀಗೆ ಬಂದ್ರು. ಮನಿಯಾಕಿ ಇರಲಿಲ್ಲ."

ಇಷ್ಟು ಹೇಳಿ ಸರ್ ಕಿಟಕಿಯ ಕಡೆ ತಿರುಗಿದರು. ಗಂಟೆ ಹೊಡೆಯಿತು; ಯಾರೂ ಏಳಲಿಲ್ಲ. ಸ್ವಾತಂತ್ರ್ಯ ಎಂಬ ಪದಕ್ಕೆ ಒಂದು ಮನೆ, ಒಂದು ಕತ್ತಲ ಬಾಗಿಲು ಇದೆಯೆಂದು ನನಗೆ ಹೊಳೆದದ್ದು ಆವತ್ತೇ.

ಸರ್ಕಾರ ಇಟ್ಟುಕೊಂಡಿದ್ದ ಆ ವಹಿಗಳು ಆಮೇಲೆ ಮರಳಿ ಬಂದವು. 1915ರಲ್ಲಿ ಗ್ರಂಥ ಅಚ್ಚಾಯಿತು. ಕನ್ನಡಕ್ಕೆ ತಂದವರು ನಮ್ಮ ಆಲೂರ ವೆಂಕಟರಾಯರು. ಮುಂದಿನ ವಾರ ಸರ್ ಅದರ ಹಳೆಯ ಪ್ರತಿಯನ್ನು ಬಟ್ಟೆಯಲ್ಲಿ ಸುತ್ತಿ ತಂದು ಬೆಂಚಿನಿಂದ ಬೆಂಚಿಗೆ ಕಳಿಸಿದರು. ನನ್ನ ಕೈಯಿಂದ ಅದನ್ನು ಇಸಿದುಕೊಳ್ಳುವಾಗ ಕೇಳಿದರು: "ಮನೀಗೆ ಬಂದು ಎರಡು ವರ್ಷ ಆಗೋದರಾಗ ಹೋಮ್‌ರೂಲ್ ಲೀಗ್ ಕಟ್ಟಿದ್ರು, 1916ರ ಏಪ್ರಿಲ್‌ನಾಗ. ಎಲ್ಲಿ ಹೇಳು?"

ನನಗೆ ಗೊತ್ತಿರಲಿಲ್ಲ.

"ಇಲ್ಲೇ ಅಲ್ಲೇನೋ, ನಮ್ಮ ಬೆಳಗಾವ್ಯಾಗ."