ಜೆನ್ನೆಯ ಮಸೀದಿಗೆ ಮಣ್ಣು ಮೆತ್ತುವ ದಿನ

ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಜೆನ್ನೆ ಪಟ್ಟಣದಲ್ಲಿ ಆ ದಿನ ಹೊತ್ತು ಹುಟ್ಟುವ ಮೊದಲೇ ಹುಡುಗರು ಮಣ್ಣಿನ ಬುಟ್ಟಿ ಹೊತ್ತು ಓಡುತ್ತಾರೆ. ಯಾವ ಕೇರಿಯವರು ಮೊದಲು ಮಣ್ಣಿನ ಮಸೀದಿ ಮುಟ್ಟಿದರು ಎನ್ನುವುದು ಅಲ್ಲಿ ದೊಡ್ಡ ಮಾತು. ಹೆಂಗಸರು, ಹುಡುಗಿಯರು ತಲೆಯ ಮೇಲೆ ನೀರು ತರುತ್ತಾರೆ. ಮಳೆಗಾಲ ಹಿಡಿಯುವ ಮುನ್ನ, ವರ್ಷಕ್ಕೊಮ್ಮೆ ನಡೆಯುವ ಕೆಲಸವಿದು.

ಮೆತ್ತಿದ್ದು ನಿಲ್ಲುತ್ತದೋ ಉದುರುತ್ತದೋ ಎಂಬುದು ಮಾತ್ರ ವಾರಗಟ್ಟಲೆ ಮೊದಲೇ ಗುಂಡಿಯಲ್ಲಿ ತೀರ್ಮಾನವಾಗಿರುತ್ತದೆ. ಬಾನಿ ನದಿ ಬಯಲಿನ ಜಿಗುಟು ಮಣ್ಣಿಗೆ ಭತ್ತದ ಹೊಟ್ಟು ಬೆರೆಸಿ, ನೀರು ಹಾಕಿ, ತುಳಿದು, ಕೊಳೆಯಲು ಬಿಡುತ್ತಾರೆ. ಇದೇ ಬಾಂಕೊ. ಹೊಟ್ಟು ಕೊಳೆತಷ್ಟೂ ಮಣ್ಣಿಗೆ ಅಂಟು ಬರುತ್ತದೆ, ವಾಸನೆಯೂ ಏರುತ್ತದೆ. ಆತುರಪಟ್ಟು ಹಸಿ ಮಣ್ಣು ಮೆತ್ತಿದರೆ ಒಣಗುವಾಗ ಬಿರುಕು ಬಿಡುತ್ತದೆ. ಮೊದಲ ಜೋರು ಮಳೆಗೆ ಆ ಬಿರುಕಿನಲ್ಲೇ ನೀರು ಇಳಿಯುತ್ತದೆ.

ಗೋಡೆಯಿಂದ ಹೊರಚಾಚಿದ ತಾಳೆಮರದ ತುಂಡುಗಳಿಗೆ ತೊರೋನ್ ಎನ್ನುತ್ತಾರೆ. ನೋಡಲು ಚೆಂದ, ಮೆತ್ತುವವರಿಗೆ ಅದೇ ಅಟ್ಟಣಿಗೆ. ಬಾರೇ ತೋನ್ ಎಂಬ ಗಾರೆಯವರ ಸಂಘದ ಹಿರಿಯರು ಕೆಳಗೆ ನಿಂತು ಹೇಳಿದಂತೆ, ಮೇಲೆ ಹತ್ತಿದವರು ಬರಿಗೈಯಲ್ಲೇ ಸವರುತ್ತಾರೆ. ಕಣ್ಣಿಡಬೇಕಾದ್ದು ಮಾಳಿಗೆಯ ನೀರು ಹೊರಚೆಲ್ಲುವ ದೋಣಿಗಳ ಮೇಲೆ. ಒಂದು ಕಟ್ಟಿಕೊಂಡರೂ ನೀರು ಗೋಡೆಗುಂಟ ಇಳಿದು ಸೀಳು ಕೊರೆಯುತ್ತದೆ. ನಮ್ಮ ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗಿನ ಮಸೀದಿ ಕಟ್ಟಿದ್ದು 1907ರಲ್ಲಿ. ಅಲ್ಲಿಂದ ಪದರದ ಮೇಲೆ ಪದರ ಏರುತ್ತಾ ಬಂತು. ಮೆತ್ತದಿದ್ದರೆ ಮಳೆ ಗೋಡೆ ಕರಗಿಸುತ್ತದೆ, ಹಳೆಯದನ್ನು ಕೆರೆಯದೆ ಮೆತ್ತುತ್ತಲೇ ಹೋದರೆ ಗೋಡೆಗೆ ಭಾರ. 2009ರ ನವೆಂಬರ್ 5ರಂದು, 24 ಗಂಟೆಗಳಲ್ಲಿ 75 ಮಿಲಿಮೀಟರ್ ಮಳೆ ಸುರಿದು, ದಕ್ಷಿಣದ ದೊಡ್ಡ ಗೋಪುರದ ಮೇಲ್ಭಾಗ ಕುಸಿಯಿತು. ಆಗಾ ಖಾನ್ ಸಾಂಸ್ಕೃತಿಕ ಟ್ರಸ್ಟಿನ ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ ಹೀಗಾಯಿತು.

ಸಿಮೆಂಟ್ ಬಳಿದು ಕೈತೊಳೆದುಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಡ. ಹಸಿ ಇಟ್ಟಿಗೆಯ ಗೋಡೆ ತೇವ ಹೀರುತ್ತದೆ, ಬಿಡುತ್ತದೆ. ಸಿಮೆಂಟಿನ ಹಿಂದೆ ಸೇರಿದ ನೀರಿಗೆ ದಾರಿಯಿಲ್ಲ. ಹೊರಗೆ ಗಟ್ಟಿ ಕಾಣುತ್ತಲೇ ಒಳಗೆ ಇಟ್ಟಿಗೆ ಮೆತ್ತಗಾಗುತ್ತದೆ. ಜೆನ್ನೆಯ ಕೆಲವು ಮನೆಗಳ ಮುಂಗೋಡೆಗೆ ಸುಟ್ಟ ಮಣ್ಣಿನ ಬಿಲ್ಲೆ ಅಂಟಿಸಿದ್ದಾರೆ. ವರ್ಷವರ್ಷ ಮೆತ್ತುವ ಖರ್ಚು ಉಳಿಸುವ ಅವರ ಕಷ್ಟ ಅರ್ಥವಾಗುತ್ತದೆ, ಆದರೆ ಬಿಲ್ಲೆಯ ಹಿಂದೆ ನೀರು ಹೊಕ್ಕರೂ ಇದೇ ಗತಿ.

ಮಣ್ಣಿನ ಗೋಡೆಯಲ್ಲಿ ಬಿರುಕು ಬಿಟ್ಟರೆ ಕಣ್ಣಿಗೆ ಕಾಣುತ್ತದೆ. ಒಂದು ಹಿಡಿ ಬಾಂಕೊ ಸಾಕು, ಅಲ್ಲೇ ಒತ್ತಿ ಸವರಿದರೆ ಆಯಿತು.